ದಿಟ್ಟತನಕ್ಕೂ ಲೆಕ್ಕ ಬೇಕು

ತಾನು ನಂಬಿದ್ದನ್ನು ಬಿಟ್ಟುಕೊಡದ ನಾಯಕನನ್ನು ನಾವು ಮೆಚ್ಚುತ್ತೇವೆ. ಆದರೆ ಬಿಟ್ಟುಕೊಡದಿರುವುದು ಎಲ್ಲ ಕಾಲಕ್ಕೂ ಗುಣವೇ? ಅಮೆರಿಕದ ವೈದ್ಯ, ರಾಜಕಾರಣಿ ಬೆಂಜಮಿನ್ ರಶ್‌ನ ಬದುಕನ್ನು ನೋಡಿದರೆ ಈ ಪ್ರಶ್ನೆಗೆ ಸಲೀಸಾದ ಉತ್ತರವಿಲ್ಲ ಎಂದು ತಿಳಿಯುತ್ತದೆ.

ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ 1769ರಲ್ಲಿ ಫಿಲಡೆಲ್ಫಿಯಾಕ್ಕೆ ಮರಳಿದ ರಶ್, 1776ರಲ್ಲಿ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ. ಸ್ವಾತಂತ್ರ್ಯ ಯುದ್ಧ ಸೋತಿದ್ದರೆ ಆ ಸಹಿಗೆ ಪ್ರಾಣವನ್ನೇ ತೆರಬೇಕಾಗಿತ್ತು. ಅದಕ್ಕೂ ಮೊದಲೇ, 1773ರಲ್ಲಿ, ಗುಲಾಮಗಿರಿಯನ್ನು ಖಂಡಿಸಿ ಕಿರುಹೊತ್ತಗೆ ಬರೆದಿದ್ದ. ಇಲ್ಲಿ ಅವನ ಹಟ ನಾಡಿಗೆ ಒಳಿತನ್ನೇ ಮಾಡಿತು.

1793ರಲ್ಲಿ ಫಿಲಡೆಲ್ಫಿಯಾಕ್ಕೆ ಹಳದಿ ಜ್ವರ ಬಡಿಯಿತು. ಸುಮಾರು 50,000 ಜನರ ಊರಿನಲ್ಲಿ ಸುಮಾರು 5,000 ಮಂದಿ ಸತ್ತರು. ಉಳ್ಳವರು ಊರು ಬಿಟ್ಟರು, ರಶ್ ಬಿಡಲಿಲ್ಲ. ಹಗಲು ರಾತ್ರಿ ರೋಗಿಗಳನ್ನು ನೋಡಿದ, ಸೋದರಿಯನ್ನು ಕಳೆದುಕೊಂಡ, ತಾನೂ ಜ್ವರದಿಂದ ಮಲಗಿದ. ಆದರೆ ಅವನು ಕೊಟ್ಟ ಚಿಕಿತ್ಸೆಯೇನು? ಪಾದರಸದ ಭೇದಿಮದ್ದು, ಜೊತೆಗೆ ತೋಳಿನ ರಕ್ತನಾಳ ಕೊಯ್ದು ಮತ್ತೆ ಮತ್ತೆ ರಕ್ತ ಹೊರಹರಿಸುವುದು. ದೇಹದಲ್ಲಿ ನಿಜಕ್ಕೂ ಇರುವುದಕ್ಕಿಂತ ಹೆಚ್ಚು ರಕ್ತವಿದೆ ಎಂದು ಅವನು ಎಣಿಸಿದ್ದ. ಕಪ್ಪು ಜನರಿಗೆ ಈ ಜ್ವರ ತಗಲದು ಎಂದು ನಂಬಿ ಅವರನ್ನು ಶುಶ್ರೂಷೆಗೆ ಕರೆದ. ರಿಚರ್ಡ್ ಅಲೆನ್, ಅಬ್ಸಲೋಮ್ ಜೋನ್ಸ್ ಅವರ ಮುಂದಾಳತ್ವದಲ್ಲಿ ಬಂದ ಆ ಜನ ರೋಗಿಗಳ ಆರೈಕೆ ಮಾಡಿದರು, ಹೆಣ ಹೊತ್ತರು, ತಾವೂ ಸತ್ತರು.

ಸಾವಿನ ಪಟ್ಟಿ ಮುಂದಿಟ್ಟು ಪತ್ರಕರ್ತ ವಿಲಿಯಂ ಕಾಬೆಟ್ ಅವನನ್ನು ಕಟುವಾಗಿ ಹೀಗಳೆದ. ರಶ್ ಮಾನನಷ್ಟ ಮೊಕದ್ದಮೆ ಹೂಡಿ 1799ರ ಡಿಸೆಂಬರ್‌ನಲ್ಲಿ 5,000 ಡಾಲರ್ ಪರಿಹಾರದ ತೀರ್ಪು ಪಡೆದ. ಅದೇ ತಿಂಗಳು ಜಾರ್ಜ್ ವಾಷಿಂಗ್ಟನ್, ವೈದ್ಯರು ಅತಿಯಾಗಿ ರಕ್ತ ತೆಗೆದ ಮೇಲೆ ತೀರಿಕೊಂಡ. ನ್ಯಾಯಾಲಯ ಮಾನ ಉಳಿಸಿಕೊಟ್ಟೀತು, ಮದ್ದಿನ ಗುಣ ಹೇಳಲಾರದು. ಅದನ್ನು ಹೇಳಲು ಪ್ಯಾರಿಸ್‌ನ ವೈದ್ಯ ಪಿಯರ್ ಲೂಯಿ ಬರಬೇಕಾಯಿತು. ರಕ್ತ ತೆಗೆಸಿಕೊಂಡವರಲ್ಲಿ ಬದುಕಿದವರೆಷ್ಟು, ಸತ್ತವರೆಷ್ಟು ಎಂದು ಆತ ಎಣಿಸಿ 1835ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಚಿಕಿತ್ಸೆಗೆ ಇದ್ದ ಹೆಸರಿಗೆ ತಕ್ಕ ಫಲ ಅಲ್ಲಿ ಕಾಣಲಿಲ್ಲ.

ಹಾಗಾದರೆ ನ್ಯಾಯದ ವಿಷಯದಲ್ಲಿ ಹಟವಿರಲಿ, ವಿಜ್ಞಾನದಲ್ಲಿ ಬೇಡ ಎಂದರೆ ಸಾಕೇ? ಸಾಲದು. ಗುಲಾಮಗಿರಿ ತಪ್ಪೆನ್ನಲು ಪ್ರಯೋಗ ಬೇಕಿಲ್ಲ, ನಿಜ. ಆದರೆ ಅದನ್ನು ಖಂಡಿಸಿದ ರಶ್‌ನ ಮನೆಯಲ್ಲೇ ವಿಲಿಯಂ ಎಂಬ ಗುಲಾಮ ವರ್ಷಗಟ್ಟಲೆ ದುಡಿದ. ನೀತಿಯ ಮಾತನ್ನು ಆಡಿದವನ ನಡತೆಯ ಒರೆಗೆ ಹಚ್ಚಬೇಕು. ಮದ್ದಾಗಲಿ ಯೋಜನೆಯಾಗಲಿ, ಅದನ್ನು ಅದರ ಫಲದ ಒರೆಗೆ ಹಚ್ಚಬೇಕು. ಪ್ರಾಮಾಣಿಕತೆ, ತ್ಯಾಗ, ಧೈರ್ಯ ಮೂರೂ ಇದ್ದ ಮನುಷ್ಯನೂ ಈ ಎರಡು ಪರೀಕ್ಷೆಗಳಿಂದ ಹೊರತಲ್ಲ.

ಆದ್ದರಿಂದ ನಾಯಕನೊಬ್ಬ ತನ್ನ ಯೋಜನೆಯನ್ನು ಎದೆ ತಟ್ಟಿ ಸಮರ್ಥಿಸಿದಾಗ ಅವನ ಧೈರ್ಯವನ್ನು ಗೌರವಿಸೋಣ. ಜೊತೆಗೆ, ಅದರಿಂದ ನೊಂದವರೆಷ್ಟು ಎಂಬ ಲೆಕ್ಕವನ್ನೂ ತಪ್ಪದೆ ಕೇಳೋಣ.