ನಮ್ಮ ವಿಮಾನಕ್ಕೆ ಯಾವ ಶಕ್ತಿ?



ಈ ವರ್ಷ ನಮ್ಮ ವಿಜ್ಞಾನ ಸಂಘದಿಂದ ಚಾಲಕನಿಲ್ಲದ ಒಂದು ಪುಟ್ಟ ವಿಮಾನ ಮಾಡುವುದೆಂದು ತೀರ್ಮಾನವಾಗಿದೆ. ಆದರೆ ಅದು ಯಾವುದರಿಂದ ಹಾರಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ. ಕೆಲವರು ಪೆಟ್ರೋಲ್ ಇಂಜಿನ್ ಅಂತಾರೆ, ಕೆಲವರು ದೊಡ್ಡ ಬ್ಯಾಟರಿ ಅಂತಾರೆ. ಸಂಘದ ದುಡ್ಡು ನಾವೆಲ್ಲ ಐದೋ ಹತ್ತೋ ರೂಪಾಯಿ ಹಾಕಿ ಕೂಡಿಸಿದ್ದು. ಅದು ನೀರುಪಾಲಾಗಬಾರದು ಎಂದು ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ.

ಪೆಟ್ರೋಲ್ ಪಕ್ಷದವರ ಮಾತಿನಲ್ಲಿ ಸತ್ಯವಿದೆ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12,000 ವ್ಯಾಟ್-ಗಂಟೆ ಶಕ್ತಿಯಿದೆ. ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 200 ಮಾತ್ರ. ಆದರೆ ಸಣ್ಣ ಇಂಜಿನ್ ಅದರಲ್ಲಿ ಹೆಚ್ಚಿನ ಪಾಲನ್ನು ಶಾಖವಾಗಿ ಕಳೆದುಬಿಡುತ್ತದೆ. ಮಾದರಿ ವಿಮಾನದ ಎಷ್ಟೋ ಪುಟ್ಟ ಇಂಜಿನ್‌ಗಳಿಗೆ ಬೇಕಾದದ್ದು ಪೆಟ್ರೋಲೂ ಅಲ್ಲ, ಮೆಥನಾಲ್ ಮತ್ತು ಎಣ್ಣೆಯ ಮಿಶ್ರಣ. ಮೆಥನಾಲ್ ವಿಷ. ಅದರ ಉರಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ನಮ್ಮ ಮೈದಾನದ ಪಕ್ಕದಲ್ಲೇ ಹುಲ್ಲಿನ ಬಣವೆಗಳಿವೆ, ಮರೆಯಬೇಡಿ!

ಹಾಗಾದರೆ ದೊಡ್ಡ ಬ್ಯಾಟರಿ? ದೂರ ಹೋಗಬೇಕೆಂದು ಗಾಡಿ ತುಂಬ ಮೇವು ಹೇರಿದರೆ ಎತ್ತು ಆ ಮೇವನ್ನು ಎಳೆಯೋದ್ರಲ್ಲೇ ಸುಸ್ತಾಗುತ್ತೆ. ವಿಮಾನವೂ ಹಾಗೆಯೇ. ಬ್ಯಾಟರಿ ಎರಡರಷ್ಟಾದರೆ ಹಾರುವ ಹೊತ್ತು ಎರಡರಷ್ಟಾಗುವುದಿಲ್ಲ. ಟಾರ್ಚಿನ ಸೆಲ್ಲು ಸಾಲದೇ ಎಂದು ಕೇಳಬಹುದು. ಅದು ಭಾರ, ಮೇಲಾಗಿ ಮೋಟಾರು ಕೇಳುವಷ್ಟು ಕರೆಂಟನ್ನು ಒಮ್ಮೆಲೇ ಕೊಡಲಾರದು.

ನನ್ನ ಮತ 3.7 ವೋಲ್ಟಿನ ಒಂದೇ ಒಂದು ಲಿಥಿಯಂ ಪಾಲಿಮರ್ ಸೆಲ್ಲಿಗೆ. ವಿಮಾನಕ್ಕೆ ರೆಕ್ಕೆ ಇರಲಿ. ನಾಲ್ಕು ಪಂಕದ ಡ್ರೋನು ತನ್ನ ಭಾರವನ್ನೆಲ್ಲ ಮೋಟಾರಿನಿಂದಲೇ ಹೊರಬೇಕು. ರೆಕ್ಕೆಯಿದ್ದರೆ ಗಾಳಿಯೇ ಹೊರುತ್ತದೆ, ಕಡಿಮೆ ಶಕ್ತಿ ಸಾಕು. ಒಟ್ಟು ತೂಕ 250 ಗ್ರಾಂ ಮೀರದಿದ್ದರೆ 2021ರ ಡ್ರೋನ್ ನಿಯಮಗಳಲ್ಲಿ ಅದು 'ನ್ಯಾನೋ' ವರ್ಗ. ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ.

ಆದರೆ ಈ ಸೆಲ್ಲಿಗೂ ಬೆಂಕಿಯ ಭಯ ಇದ್ದೇ ಇದೆ. 4.2 ವೋಲ್ಟ್ ದಾಟಿ ಚಾರ್ಜ್ ಮಾಡಬಾರದು, 3 ವೋಲ್ಟಿಗಿಂತ ಕೆಳಗೆ ಇಳಿಸಬಾರದು. ಉಬ್ಬಿದ ಸೆಲ್ಲನ್ನು ಮತ್ತೆ ಬಳಸಲೇಬಾರದು. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು ಬೇಡ. ಶಾಲೆಯಲ್ಲೇ, ಕಲ್ಲು ಚಪ್ಪಡಿಯ ಮೇಲೆ, ಗುರುಗಳ ಎದುರಿಗೆ ಚಾರ್ಜ್ ಮಾಡೋಣ.

ಕೆಳಗಿನ ತರಗತಿಯ ತಮ್ಮ ತಂಗಿಯರಿಗೆ ರಬ್ಬರೇ ಸಾಕು. ಅದನ್ನು ನೋಡಿ ನಗಬೇಡಿ. 1871ರಲ್ಲಿ ಪ್ಯಾರಿಸ್ಸಿನಲ್ಲಿ ಅಲ್ಫೋನ್ಸ್ ಪೆನೋ ಎಂಬಾತ ತಿರುಚಿದ ರಬ್ಬರಿನ ಬಲದಿಂದಲೇ ಮಾದರಿ ವಿಮಾನ ಹಾರಿಸಿ ತೋರಿಸಿದ್ದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳ್ತಾರೆ. ದುಬಾರಿ ಯಂತ್ರ ಒಂದೇ ತಂದರೆ ಒಬ್ಬ ಹಾರಿಸುತ್ತಾನೆ, ಉಳಿದವರು ಚಪ್ಪಾಳೆ ತಟ್ಟಬೇಕು. ಅದೇ ದುಡ್ಡಿನಲ್ಲಿ ನಾಲ್ಕಾರು ಚಿಕ್ಕ ವಿಮಾನ ಮಾಡಿದರೆ ಹುಡುಗ ಹುಡುಗಿ ಎನ್ನದೆ ಎಲ್ಲರ ಕೈಗೂ ಸರದಿ ಬರುತ್ತದೆ. ಒಂದು ಮುರಿದರೂ ಸಂಘ ನಿಲ್ಲುವುದಿಲ್ಲ.

ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ. ಒಪ್ಪುವವರು ಶನಿವಾರದ ಸಭೆಯಲ್ಲಿ ಕೈ ಎತ್ತಿರಿ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ