ಬಡಿಸುವ ಮುನ್ನ ರುಚಿ ನೋಡಬೇಡವೇ?

2025ನೆಯ ಇಸವಿಯ ಎಪ್ರಿಲ್ 12, ಶನಿವಾರ. ನಡುಹಗಲಿನ ವೇಳೆಗೆ ದೇಶದ ಉದ್ದಗಲಕ್ಕೂ ಯು.ಪಿ.ಐ. ಮೂಲಕ ಹಣ ಸಲ್ಲಿಸುವ ವ್ಯವಸ್ಥೆ ತಡವರಿಸತೊಡಗಿ, ಹಲವು ಗಂಟೆಗಳ ಕಾಲ ಚೇತರಿಸಿಕೊಳ್ಳಲಿಲ್ಲ. ಮಾರ್ಚ್ 26ರಂದು ಇಂತಹುದೇ ಒಂದು ವ್ಯತ್ಯಯ ಸಂಭವಿಸಿ ಇನ್ನೂ ಮೂರು ವಾರ ತುಂಬಿರಲಿಲ್ಲ. ಆ ಮಾರ್ಚ್ ತಿಂಗಳೊಂದರಲ್ಲೇ ಈ ಮಾರ್ಗವಾಗಿ ಸುಮಾರು 1,830 ಕೋಟಿ ವ್ಯವಹಾರಗಳು ನಡೆದು, 24 ಲಕ್ಷ ಕೋಟಿ ರೂಪಾಯಿಗಳಿಗೂ ಮಿಕ್ಕಿದ ಹಣ ಕೈಯಿಂದ ಕೈಗೆ ಸಂದಿತ್ತೆಂಬುದನ್ನು ನೆನೆದರೆ, ಕೆಲವು ಗಂಟೆಗಳ ಸ್ತಂಭನವೆಂದರೆ ಏನೆಂಬುದು ವಾಚಕರಿಗೆ ಮನದಟ್ಟಾದೀತು. ಊರಿನಲ್ಲಿರುವ ತಾಯಿಯ ಔಷಧಿಗೆಂದು ಮುಂಬಯಿಯ ಹೋಟೆಲ್ ಕಾರ್ಮಿಕನೊಬ್ಬನು ಹಣ ಕಳುಹಿಸಿದ್ದಾನೆ ಎನ್ನೋಣ. ಅವನ ಖಾತೆಯಿಂದ ಹಣ ಕಳೆದಿದೆ, ತಾಯಿಯ ಖಾತೆಗೆ ಸೇರಿಲ್ಲ. ಅಂತಹವನ ಆ ಸಂಜೆಯ ತಳಮಳಕ್ಕೆ ಯಾವ ಅಂಕಿ-ಸಂಖ್ಯೆಯೂ ಅಳತೆಯಾಗಲಾರದು.

ಈ ಸ್ತಂಭನಕ್ಕೆ ಕಾರಣವೇನು? ಶತ್ರುಗಳ ದಾಳಿಯೂ ಇರಲಿಲ್ಲ, ಪ್ರಕೃತಿಯ ಕೋಪವೂ ಇರಲಿಲ್ಲ. ವ್ಯವಸ್ಥೆಯನ್ನು ನಡೆಸುತ್ತಿರುವ ರಾಷ್ಟ್ರೀಯ ಪಾವತಿ ನಿಗಮವು ಹೇಳಿದಂತೆ, ಕೆಲವು ಬ್ಯಾಂಕುಗಳ ಕಡೆಯಿಂದ "ಆ ವ್ಯವಹಾರ ಏನಾಯಿತು?" ಎಂಬ ವಿಚಾರಣೆಗಳು ಪ್ರವಾಹದಂತೆ ಹರಿದುಬಂದುವು. ಹಳೆಯ ವ್ಯವಹಾರಗಳ ಬಗೆಗೂ ಮತ್ತೆ ಮತ್ತೆ ಅದೇ ಪ್ರಶ್ನೆ. ಇದನ್ನು ಹೋಟೆಲಿನ ಮಾತಿನಲ್ಲಿ ಹೇಳುವುದಾದರೆ, ದೋಸೆ ಕಲ್ಲಿನ ಮುಂದೆ ನಿಂತ ಭಟ್ಟರನ್ನು ಐವತ್ತು ಮೇಜುಗಳವರು ನಿಮಿಷಕ್ಕೊಮ್ಮೆ "ನಮ್ಮ ದೋಸೆ ಆಯಿತೇ?" ಎಂದು ಕೂಗಿ ಕೇಳಿದಂತೆ. ಉತ್ತರ ಹೇಳುವುದರಲ್ಲೇ ಹೊತ್ತು ಕಳೆದು ದೋಸೆ ಹೊಯ್ಯುವುದೇ ನಿಂತುಹೋಗುತ್ತದೆ. ಅನಂತರ ನಿಗಮವು ಇಂತಹ ವಿಚಾರಣೆಗಳಿಗೆ ಕಟ್ಟುನಿಟ್ಟಾದ ಮಿತಿಗಳನ್ನು ಹಾಕಿತು. 2025ರ ಆಗಸ್ಟ್ 1ರಿಂದ ಗ್ರಾಹಕನು ಖಾತೆಯ ಶಿಲ್ಕು ನೋಡುವುದಕ್ಕೂ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲವೆಂಬ ಮಿತಿ ಬಂದಿತು. ಒಳ್ಳೆಯದೇ. ಆದರೆ ಕೂಗುವವರು ಹೆಚ್ಚಾದರೆ ಏನಾದೀತೆಂಬುದನ್ನು ಮೊದಲೇ ಕೃತಕವಾಗಿ ಕೂಗಿಸಿ ನೋಡುವ ವಿಧಾನವೊಂದು ಉಂಟು. ಅದಕ್ಕೆ ಹೊರೆಯ ಪರೀಕ್ಷೆ ಎನ್ನುತ್ತಾರೆ. ಅಂತಹ ಪರೀಕ್ಷೆ ಎಷ್ಟು ನಿಷ್ಠುರವಾಗಿ ನಡೆದಿತ್ತೆಂದು ಕೇಳುವ ಹಕ್ಕು ಸಾರ್ವಜನಿಕರಿಗಿದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕೆಂಬುದು ಹಿರಿಯರ ಮಾತು. ಒಂದೇ ನೀರು, ಒಂದೇ ಉರಿಯಲ್ಲಿ ಬೆಂದ ಅಗುಳುಗಳಾದುದರಿಂದ ಆ ಮಾತು ಅನ್ನಕ್ಕೆ ಒಪ್ಪುತ್ತದೆ. ಆದರೆ ಆ್ಯಪಿಗೆ ಒಪ್ಪುವುದಿಲ್ಲ. ಅಲ್ಲಿ ಒಂದೊಂದು ಅಗುಳಿಗೂ ಬೇರೆ ಬೇರೆ ಉರಿ. ಒಂದು ಗುಂಡಿ ಒತ್ತಿದಾಗ ಸರಿಯಾಗಿ ನಡೆದದ್ದು ಎರಡು ಸಲ ಒತ್ತಿದಾಗ ಕೆಡಬಹುದು. ಹೊಸ ಫೋನಿನಲ್ಲಿ ಓಡುವುದು ಹಳೆಯ ಫೋನಿನಲ್ಲಿ ನಿಲ್ಲಬಹುದು. ಲಿಫ್ಟಿನೊಳಗೆ ಹೋಗಿ ಸಿಗ್ನಲ್ ತಪ್ಪಿದ ಕ್ಷಣದಲ್ಲಿ ಹಣ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ನಡುದಾರಿಯಲ್ಲಿ ಉಳಿಯಬಹುದು.

ಈ ಲೇಖಕನು ಹೋಟೆಲ್ ನಡೆಸುತ್ತಿದ್ದ ದಿನಗಳಲ್ಲಿ ಬಿಲ್ಲು ಬರೆಯುವ ಆ್ಯಪೊಂದನ್ನು ಕೊಂಡಿದ್ದನು. ಮಾರಲು ಬಂದವರು ಎರಡು ಇಡ್ಲಿ, ಒಂದು ಕಾಫಿಯ ಬಿಲ್ಲು ಮಾಡಿ ತೋರಿಸಿದರು. ಲೆಕ್ಕ ಸರಿಯಾಗಿಯೇ ಬಂದಿತು. ಭಾನುವಾರ ಬೆಳಿಗ್ಗೆ ಒಂದೇ ಮೇಜಿನಲ್ಲಿ ಪರಸ್ಪರ ಪರಿಚಯವಿಲ್ಲದ ಎರಡು ಕುಟುಂಬಗಳು ಕುಳಿತು ಬೇರೆ ಬೇರೆ ಬಿಲ್ಲು ಕೇಳಿದಾಗ, ಮೊದಲನೆಯದನ್ನು ಮುಗಿಸುತ್ತಲೇ ಎರಡನೆಯದು ಅಳಿಸಿಹೋಯಿತು. ಮುಂಬಯಿಯ ಹೋಟೆಲುಗಳಲ್ಲಿ ಅಪರಿಚಿತರು ಮೇಜು ಹಂಚಿಕೊಳ್ಳುವುದು ದಿನನಿತ್ಯದ ಸಂಗತಿ. ಆದರೆ ಅದನ್ನು ರಚಿಸಿದವರು ಆ ಮೇಜಿನಲ್ಲಿ ಎಂದೂ ಕುಳಿತಿರಲಿಲ್ಲ. ಸುಳ್ಳೂ ಇರಲಿಲ್ಲ, ಮೋಸವೂ ಇರಲಿಲ್ಲ. ಬಳಸುವವನ ಬದುಕಿನ ಅರಿವು ಮಾತ್ರ ಇರಲಿಲ್ಲ.

ನಾವು ಕಂಡುದು ಕೆಲವು ಬಿಲ್ಲುಗಳ ನಷ್ಟ. ಅಮೆರಿಕದಲ್ಲಿ ಇದೇ ಬಗೆಯ ಅಲಕ್ಷ್ಯವು ಒಂದು ಚುನಾವಣೆಯನ್ನೇ ಗೊಂದಲಕ್ಕೆ ಸಿಲುಕಿಸಿತು. 2020ರ ಫೆಬ್ರವರಿ 3ರಂದು ಅಯೋವಾ ರಾಜ್ಯದಲ್ಲಿ ಡೆಮೊಕ್ರಾಟಿಕ್ ಪಕ್ಷವು ಅಧ್ಯಕ್ಷ ಪದವಿಯ ಅಭ್ಯರ್ಥಿಯ ಆಯ್ಕೆಗಾಗಿ ಸಭೆಗಳನ್ನು ನಡೆಸಿತು. ಸುಮಾರು 1,700 ಕೇಂದ್ರಗಳಿಂದ ಫಲಿತಾಂಶವನ್ನು ಒಂದು ಹೊಸ ಆ್ಯಪಿನ ಮೂಲಕ ಕಳುಹಿಸಬೇಕಾಗಿತ್ತು. ಅದು ಎರಡೇ ತಿಂಗಳ ಅವಧಿಯಲ್ಲಿ ಸಿದ್ಧವಾದದ್ದು; ಇಡೀ ರಾಜ್ಯದ ಪ್ರಮಾಣದಲ್ಲಿ ಅದನ್ನು ಪರೀಕ್ಷಿಸಿರಲಿಲ್ಲ. ಎಲ್ಲರೂ ಬಲ್ಲ ಆ್ಯಪ್ ಅಂಗಡಿಗಳ ಮೂಲಕ ಅದನ್ನು ಕೊಡದೆ, ಪರೀಕ್ಷಾರ್ಥಿಗಳಿಗಾಗಿ ಇರುವ ಮಾರ್ಗದಿಂದ ಹಂಚಿದುದರಿಂದ ಹಲವರಿಗೆ ಇಳಿಸಿಕೊಳ್ಳುವುದೇ ಕಷ್ಟವಾಯಿತು. ಇಳಿಸಿಕೊಂಡವರು ಕಳುಹಿಸಿದ ಲೆಕ್ಕವಾದರೋ, ಬರವಣಿಗೆಯ ದೋಷದಿಂದಾಗಿ ಅಪೂರ್ಣವಾಗಿ ತಲುಪಿತು. ದೂರವಾಣಿಯಲ್ಲಿ ತಿಳಿಸೋಣವೆಂದರೆ ತಂತಿಗಳೆಲ್ಲ ಕಿಕ್ಕಿರಿದಿದ್ದುವು. ಆ ರಾತ್ರಿ ಫಲಿತಾಂಶವೇ ಹೊರಬೀಳಲಿಲ್ಲ. ಹತ್ತು ದಿನಗಳೊಳಗೆ ರಾಜ್ಯ ಪಕ್ಷದ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಕೊನೆಗೆ ಮಾನ ಉಳಿಸಿದುದು ಕಾಗದ. ಆ ವರ್ಷ ಮೊದಲ ಬಾರಿಗೆ ಸಭಿಕರ ಇಚ್ಛೆಯನ್ನು ಚೀಟಿಗಳಲ್ಲಿ ಬರೆಸಿಕೊಂಡಿದ್ದರಿಂದ ಲೆಕ್ಕವನ್ನು ತಾಳೆನೋಡುವುದು ಸಾಧ್ಯವಾಯಿತು.

ಪರೀಕ್ಷಿಸುವ ಸಾಧನವೇ ತಪ್ಪಿದರೆ ಗತಿಯೇನೆಂಬುದಕ್ಕೆ 2024ರ ಜುಲೈ 19 ನಿದರ್ಶನ. ಇದು ಮೊಬೈಲಿನದಲ್ಲ, ಕಂಪ್ಯೂಟರಿನ ಸಂಗತಿ. ಆದರೆ ಪಾಠ ಒಂದೇ. ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿಯ ರಕ್ಷಣಾ ತಂತ್ರಾಂಶಕ್ಕೆ ಕಳುಹಿಸಿದ ಪರಿಷ್ಕರಣವೊಂದು 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು. ತಂತ್ರಾಂಶ ಒದಗಿಸುತ್ತಿದ್ದುದು 20. ತಪಾಸಣೆಯ ಸಾಧನದಲ್ಲಿಯೇ ದೋಷವಿದ್ದುದರಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳದೆ ದಾಟಿಹೋಯಿತು. ಜಗತ್ತಿನಾದ್ಯಂತ ಒಂದೇ ಸಲಕ್ಕೆ ಹಂಚಿದುದರ ಪರಿಣಾಮವಾಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೈಕೊಟ್ಟುವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಬೋರ್ಡಿಂಗ್ ಪಾಸುಗಳನ್ನು ಕೈಯಿಂದ ಬರೆದುಕೊಡಬೇಕಾಯಿತು. ಅನಂತರ ಆ ಕಂಪೆನಿಯೂ ಸ್ವಲ್ಪ ಸ್ವಲ್ಪ ಯಂತ್ರಗಳಿಗೆ ಕಳುಹಿಸಿ, ನೋಡಿ, ಮುಂದುವರಿಯುವ ಕ್ರಮವನ್ನು ಅಂಗೀಕರಿಸಿತು. ಮೊದಲ ಪಂಕ್ತಿಗೆ ಬಡಿಸಿ ನೋಡಿ, ಆಮೇಲೆ ಮಿಕ್ಕ ಪಂಕ್ತಿಗಳಿಗೆ ಬಡಿಸುವ ನೀತಿ ಇದು.

ಹಾಗಾದರೆ ಬಲ್ಲವರು ಪರೀಕ್ಷೆಯನ್ನು ಮೊಟಕುಗೊಳಿಸುವುದೇಕೆ? ಕಾರಣ ಬಹುಮಟ್ಟಿಗೆ ತಿಥಿಯ ನಿರ್ಬಂಧ. ಉದ್ಘಾಟನೆಯ ದಿನ ಮೇಲಿನವರು ಗೊತ್ತುಮಾಡುತ್ತಾರೆ. ರಚನೆಯ ಕೆಲಸ ತಡವಾದರೂ ಆ ದಿನ ಕದಲುವುದಿಲ್ಲ. ನಡುವೆ ಉಳಿದ ಪರೀಕ್ಷೆಯ ಅವಧಿಯೇ ಕರಗುತ್ತದೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಈ ಪರೀಕ್ಷಕ ವೃತ್ತಿಯಲ್ಲಿರುವ ನಮ್ಮ ತರುಣ ತರುಣಿಯರು ಅನೇಕರಿದ್ದಾರೆ. "ಇದು ಇನ್ನೂ ಬೆಂದಿಲ್ಲ" ಎಂದು ಹೇಳುವ ಅವರ ಮಾತಿಗೆ ಬೆಲೆ ಇಲ್ಲದಿದ್ದರೆ, ಅವರನ್ನು ನೇಮಿಸಿಕೊಂಡೂ ಪ್ರಯೋಜನವಿಲ್ಲ. ಪೂರ್ತಿ ದೋಷರಹಿತವಾದ ಆ್ಯಪ್ ಸಾಧ್ಯವಿಲ್ಲವೆಂಬ ಸಮಾಧಾನವನ್ನು ಕೆಲವರು ಹೇಳುವುದುಂಟು. ಅದು ನಿಜ. ಆದರೆ ದೋಷ ಉಳಿಯುವುದು ಬೇರೆ, ಹುಡುಕದೆಯೇ ಬಿಡುವುದು ಬೇರೆ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕೂ ಉಂಟು. ನಮ್ಮಲ್ಲಿ ಅನೇಕರಿಗೆ ಉಪನಾಮವಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಇವೆ. ಉಪನಾಮ ತುಂಬದೆ ಮುಂದೆ ಬಿಡೆನೆಂದು ಹಟ ಹಿಡಿಯುವ ಆ್ಯಪಿನ ಮುಂದೆ ಇಂತಹವರು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಬರೆಯುತ್ತಾರೆ. ಆಮೇಲೆ ಬ್ಯಾಂಕಿನ ಹೆಸರೂ ಪಾನ್ ಕಾರ್ಡಿನ ಹೆಸರೂ ಹೊಂದುವುದಿಲ್ಲ. ಕನ್ನಡವನ್ನು ಆರಿಸಿಕೊಂಡರೆ ಒತ್ತಕ್ಷರಗಳು ಕತ್ತರಿಸಿ, ಗುಂಡಿಯ ಮೇಲಿನ ಪದ ಅರ್ಧಕ್ಕೆ ನಿಲ್ಲುವುದನ್ನೂ ನೋಡುತ್ತೇವೆ. ಕನ್ನಡ ಓದಬಲ್ಲ ಒಬ್ಬ ಪರೀಕ್ಷಕನು ಒಂದು ದಿನ ಕುಳಿತು ನೋಡಿದರೆ ತಿದ್ದಬಹುದಾದ ತಪ್ಪುಗಳಿವು.

ಆದುದರಿಂದ ಸಾರ್ವಜನಿಕರು ಅನಿವಾರ್ಯವಾಗಿ ಬಳಸಬೇಕಾದ ಆ್ಯಪುಗಳ ಮಟ್ಟಿಗಾದರೂ ಮೂರು ನಿಯಮಗಳು ಆವಶ್ಯಕ. ಒಂದು, ನಿಜವಾದ ಬಳಕೆದಾರರ ಕೈಯಲ್ಲಿ, ಹಳೆಯ ಫೋನಿನಲ್ಲಿ, ಹಳ್ಳಿಯ ಸಿಗ್ನಲ್ಲಿನಲ್ಲಿ ಪರೀಕ್ಷೆ ನಡೆದು, ಅದರ ಫಲ ಪ್ರಕಟವಾಗಬೇಕು. ಎರಡು, ಬಿಡುಗಡೆ ಹಂತಹಂತವಾಗಿ ಆಗಬೇಕು. ಮೂರು, ಹೊಸದು ನೆಲೆಗೊಳ್ಳುವ ತನಕ ಹಳೆಯ ದಾರಿ ತೆರೆದೇ ಇರಬೇಕು. ಅಯೋವಾದ ಚೀಟಿ ಕಲಿಸಿದ ಪಾಠ ಇದೇ.

ತಪ್ಪಾದಾಗ ದಂಡ ತೆರಬೇಕಾದವರು ಯಾರೆಂಬುದೂ ಸ್ಪಷ್ಟವಿರಬೇಕು. ಈ ದಿಕ್ಕಿನಲ್ಲಿ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಆದೇಶ ಸ್ಮರಣೀಯ. ಯು.ಪಿ.ಐ. ಮೂಲಕ ಒಬ್ಬರಿಗೆ ಕಳುಹಿಸಿದ ಹಣ ಖಾತೆಯಿಂದ ಕಳೆದು ಅವರಿಗೆ ಸೇರದಿದ್ದರೆ, ಮರುದಿನದೊಳಗೆ ಅದು ತಾನಾಗಿ ಹಿಂದಿರುಗಬೇಕು; ಅಂಗಡಿ ಹೋಟೆಲುಗಳಿಗೆ ಸಲ್ಲಿಸಿದ್ದಾದರೆ ಐದು ದಿನಗಳೊಳಗೆ ಇತ್ಯರ್ಥವಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ನಿಯಮವನ್ನು ಬಲ್ಲ ಗ್ರಾಹಕರು ವಿರಳ. ವಾಚಕರು ಇದನ್ನು ನೆನಪಿನಲ್ಲಿಟ್ಟು, ತಮ್ಮಲ್ಲಿ ದುಡಿಯುವವರಿಗೂ ತಿಳಿಸಲಿ.

ಸಾರಿನ ಉಪ್ಪು ಹೆಚ್ಚಾದರೆ ಗಿರಾಕಿ ಎದ್ದುಹೋಗಿ ಬೇರೆ ಹೋಟೆಲಿಗೆ ಹೋದಾನು. ದೇಶಕ್ಕೆಲ್ಲ ಒಂದೇ ಅಡುಗೆಮನೆಯಾದಾಗ ಅವನು ಎಲ್ಲಿಗೆ ಹೋಗಬೇಕು? ಆ ಅಡುಗೆಮನೆಯವರು ಬಡಿಸುವ ಮುನ್ನ ತಾವೇ ರುಚಿ ನೋಡಲಿ ಎಂಬುದಷ್ಟೇ ನಮ್ಮ ಬೇಡಿಕೆ.