ಎಲೆ ನೋಡುವುದಕ್ಕೂ ಒಂದು ದಿನ ಬೇಕು



ವಾರಕ್ಕೆ ಆರು ದಿನ ನಾವು ನೋಡುವುದು ಎಲೆಯನ್ನೇ. ಆದರೆ ಎರಡೆಲೆ, ಒಂದು ಕುಡಿ, ಆಮೇಲೆ ತಕ್ಕಡಿ. ಚೆಲುವು ಕಣ್ಣಿಗೆ ಬೀಳುವುದಿಲ್ಲ.

ಶೀತದೇಶಗಳಲ್ಲಿ ಎಲೆ ಉದುರುವ ಮುನ್ನ ಕೆಂಪಾಗುತ್ತದೆ. ಅದನ್ನು ನೋಡಲು ಜನ ಊರೂರು ತಿರುಗುತ್ತಾರೆ. ನಮ್ಮ ನೀಲಗಿರಿಯ ಶೋಲಾ ಕಾಡು ವರ್ಷವೆಲ್ಲ ಹಸಿರು. ಇಲ್ಲಿ ಅನೇಕ ಮರಗಳಲ್ಲಿ ಕೆಂಪಾಗುವುದು ಮುದಿ ಎಲೆಯಲ್ಲ, ಎಳೆ ಚಿಗುರು. ಕೋಟಗಿರಿಯ ಬಳಿಯ ಲಾಂಗ್‌ವುಡ್ ಶೋಲಾ ಸುಮಾರು 116 ಹೆಕ್ಟೇರು. 2024ರಲ್ಲಿ ಅದಕ್ಕೆ ರಾಮ್ಸಾರ್ ಮನ್ನಣೆ ದೊರೆಯಿತು. ಕೆಳಗಿನ ಹಳ್ಳಿಗಳು ಅದರ ನೀರು ಕುಡಿಯುತ್ತವೆ. ದೂರದವರು ಕಾರಿನಲ್ಲಿ ಬಂದು ನೋಡುತ್ತಾರೆ. ನಮ್ಮ ಲೈನುಮನೆಗಳ ಎಷ್ಟೋ ಮಕ್ಕಳು ನೋಡಿಲ್ಲ.

"ಕೂಲಿ ಬಿಟ್ಟು ಎಲೆ ನೋಡಲು ಹೋಗುವುದೇ?" ಎಂದು ಕೆಲವರು ನಗಬಹುದು. 1951ರ ತೋಟ ಕಾರ್ಮಿಕರ ಕಾಯಿದೆಯೇ ಇಪ್ಪತ್ತು ದಿನ ದುಡಿದವರಿಗೆ ಒಂದು ದಿನದ ಸಂಬಳದ ರಜೆ ಬರೆದುಕೊಟ್ಟಿತ್ತು. ರಜೆ ಯಾರ ಭಿಕ್ಷೆಯೂ ಅಲ್ಲ. ಸಾಲಕ್ಕಾಗಿ ಭಾನುವಾರವೂ ದುಡಿಯುವವರ ಕಷ್ಟ ಬಲ್ಲೆವು. ಆದುದರಿಂದಲೇ ಸಂಘದಲ್ಲಿ ಕೂಲಿಯ ಬೇಡಿಕೆಯೊಡನೆ ವಿಶ್ರಾಂತಿಯ ಬೇಡಿಕೆಯೂ ನಿಲ್ಲಬೇಕು.

ದೇವರು ತನ್ನ ಸೃಷ್ಟಿಯನ್ನು ನೋಡಿ ಮೆಚ್ಚಿದನು, ಬಳಿಕ ವಿಶ್ರಮಿಸಿದನು. ನಾವೂ ಒಂದು ಭಾನುವಾರ ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ಅರಣ್ಯ ಇಲಾಖೆಯವರ ಅಪ್ಪಣೆ ಪಡೆದು ಮಕ್ಕಳೊಡನೆ ಹೋಗೋಣ. ಅಂದು ಒಂದೆಲೆಯನ್ನೂ ಕೀಳದೆ ಬರೋಣ.